ಟವರಿನ ಕೆಳಗೆ ಮಲಗಿದವರು

ಟವರನ್ನು ಮೊದಲು ಹಾಕಿದ್ದು ನಮ್ಮ ಕಡೆ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಎಲ್ಲರೂ ಮರೆತರು. ನಾನು ಮರೆಯಲಿಲ್ಲ.

ಅದು ಆರು ಮಹಡಿಯ ಕಟ್ಟಡ. ನಾನು ಅದರ ಮೆಟ್ಟಿಲು ಗುಡಿಸಿ ಒರೆಸುವವಳು, ಮನೆಮನೆಯ ಕಸ ಎತ್ತುವವಳು. ನನ್ನ ಗಂಡ ರಾತ್ರಿ ಕಾವಲುಗಾರ. ನಮಗೆ ಇರಲು ಕೊಟ್ಟಿದ್ದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಒಂದು ಕೋಣೆ. ಮೇಲೆ ತಗಡು. ಒಂದೇ ಕಿಟಕಿ. ಅಷ್ಟರಲ್ಲಿ ನಾನು, ಗಂಡ, ಅತ್ತೆ, ಶಾಲೆಗೆ ಹೋಗುವ ಮಗಳು. ಬಿಸಿಲಿಗೆ ಬೇಯುವುದು, ಮಳೆಗೆ ನೆನೆಯುವುದು ಎಲ್ಲ ಇತ್ತು. ಆದರೆ ನಿದ್ದೆಗೆ ಬರ ಇರಲಿಲ್ಲ. ಇಡೀ ದಿನ ಮೆಟ್ಟಿಲು ಹತ್ತಿ ಇಳಿದವಳು ತಲೆ ಇಟ್ಟರೆ ಲೋಕ ಮುಳುಗಿದರೂ ಗೊತ್ತಾಗುತ್ತಿರಲಿಲ್ಲ. ಗಂಡ ಬೆಳಗ್ಗೆ ಕೆಲಸ ಮುಗಿಸಿ ಬಂದು ಗೋಡೆ ಕಡೆ ಮುಖ ಮಾಡಿ ಬಿದ್ದನೆಂದರೆ ಹೊತ್ತು ಇಳಿಯುವವರೆಗೆ ಏಳುತ್ತಿರಲಿಲ್ಲ. ಅತ್ತೆಯ ಗೊರಕೆಗೆ ತಗಡು ಅದುರುತ್ತದೆ ಎಂದು ಮಗಳು ನಗುತ್ತಿದ್ದಳು.

ಒಂದು ದಿನ ಮೊಬೈಲ್ ಟವರಿನವರು ಬಂದರು. ತಾರಸಿಯ ಪೂರ್ವದ ತುದಿಯಲ್ಲಿ ಕಬ್ಬಿಣದ ಕಂಬ ನೆಟ್ಟು, ಅದಕ್ಕೆ ಉದ್ದುದ್ದ ಬಿಳಿ ಹಲಗೆಗಳಂಥ ಆಂಟೆನಾ ಬಿಗಿದರು. ಆ ಜಾಗಕ್ಕೆ ಟವರಿನ ಕಂಪನಿ ಕೊಟ್ಟ ಬಾಡಿಗೆಯಿಂದ, ಕೆಟ್ಟು ನಿಂತಿದ್ದ ಲಿಫ್ಟು ರಿಪೇರಿಯಾಯಿತು. ಒಳಗೆ ಕನ್ನಡಿ ಬಂತು. ಹೊರಗೆ ಒಂದು ಬೋರ್ಡೂ ಬಂತು: ಕೆಲಸದವರು ಮೆಟ್ಟಿಲು ಬಳಸಬೇಕು. ಆ ಬೋರ್ಡಿನ ಧೂಳು ಒರೆಸುವವಳೂ ನಾನೇ.

ಪೂರ್ವದ ತುದಿಯ ಕೆಳಗೆ ಅಧ್ಯಕ್ಷರ ಮಲಗುವ ಕೋಣೆ. ಕಟ್ಟಡದ ಮಾಲೀಕರೆಲ್ಲ ಸೇರಿ ಮಾಡಿಕೊಂಡ ಸಂಘಕ್ಕೆ ಅವರು ಅಧ್ಯಕ್ಷರು. ಅವರ ಪಕ್ಕದ ಮನೆಯಲ್ಲಿ ಪ್ರೊಫೆಸರಮ್ಮ. ಲಿಫ್ಟಿನಲ್ಲಿ ಓಡಾಡಿ ಸ್ವಲ್ಪ ದಿನವಾಗಿತ್ತು, ಅಷ್ಟರಲ್ಲಿ ಇವರಿಗೆ ನಿದ್ದೆ ಬರುವುದಿಲ್ಲ ಎಂದು ಗಲಾಟೆ ಶುರುವಾಯಿತು. ಕೆಳಗಿನ ಹಾಲಿನಲ್ಲಿ ಮೀಟಿಂಗ್ ಕರೆದರು. ಕುರ್ಚಿ ಹಾಕಿ, ನೀರಿಟ್ಟು, ನಾನು ಬಾಗಿಲ ಪಕ್ಕ ನಿಂತಿದ್ದೆ.

ಪ್ರೊಫೆಸರಮ್ಮ ಎದ್ದು ನಿಂತು ಹೇಳಿದರು. "ನೋಡಿ, ಇದು ವಿಕಿರಣ. ಕಣ್ಣಿಗೆ ಕಾಣಲ್ಲ. ನಿದ್ದೆಯಲ್ಲಿದ್ದಾಗ ಮೆದುಳಿನ ಅಲೆಗಳಲ್ಲಿ ಇದರಿಂದ ಬದಲಾವಣೆ ಆಗುತ್ತೆ ಅಂತ ಕೆಲವರು ಪರೀಕ್ಷೆ ಮಾಡಿ ಹೇಳಿದ್ದಾರೆ. ಏನೂ ಆಗಲ್ಲ ಅಂತ ಹೇಳಿದವರೂ ಇದ್ದಾರೆ. ಖಚಿತ ಇಲ್ಲ. ಆದ್ರೆ ಖಚಿತ ಆಗೋವರೆಗೆ ನಮ್ಮ ತಲೆ ಯಾಕೆ ಒಡ್ಡಬೇಕು?"

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಆ ಮಾತು ಸರಿ ಎನಿಸಿತು. ಪಾಪ, ಅವರ ತಲೆ ಯಾಕೆ ಒಡ್ಡಬೇಕು?

ಬಾಡಿಗೆ ಬಿಡಲು ಮಾತ್ರ ಯಾರಿಗೂ ಮನಸ್ಸಿರಲಿಲ್ಲ. ಹಾಗಾಗಿ ಟವರನ್ನು ತೆಗೆಸಲಿಲ್ಲ. ಸರಿಸಿದರು. ಪೂರ್ವದಿಂದ ಪಶ್ಚಿಮಕ್ಕೆ. ಪಶ್ಚಿಮದಲ್ಲಿ ಇದ್ದದ್ದು ನಮ್ಮ ಕೋಣೆ.

ನಮ್ಮನ್ನು ಯಾರೂ ಕೇಳಲಿಲ್ಲ. ನಾನು ಕಸ ಎತ್ತಿ ಮೇಲೆ ಬಂದಾಗ ನಮ್ಮ ಗೋಡೆಗೆ ತೂತು ಕೊರೆಯುತ್ತಿದ್ದರು. ಅನ್ನದ ಪಾತ್ರೆಯ ತುಂಬ ಸಿಮೆಂಟಿನ ಪುಡಿ. ಕಿಟಕಿಯ ಹೊರಗೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಒಂದು ಆಂಟೆನಾ. ಇನ್ನೆರಡು ತಗಡಿನ ಅಂಚಿಗೆ. ಬಾಗಿಲ ಪಕ್ಕ ಬೀರುವಿನಂಥ ಒಂದು ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಫ್ಯಾನು. ಅದು ನಿಲ್ಲುವುದೇ ಇಲ್ಲ.

ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದರು. "ಮೂರು ಜನ ಅಳಿಯಂದಿರು ಬಂದ ಹಾಗಾಯ್ತು ಕಣೇ. ಕೆಲ್ಸ ಕಾರ್ಯ ಇಲ್ಲ, ಎದ್ದು ಹೋಗೋ ಮಾತೂ ಇಲ್ಲ," ಅಂದರು.

"ಅದರಿಂದ ವಿಕಿರಣ ಬರುತ್ತಂತೆ ಅಜ್ಜಿ," ಅಂದಳು ಮಗಳು.

"ಕಿರಣ? ಯಾರೇ ಅವನು? ಅವನೂ ಇಲ್ಲೇ ಮಲಗ್ತಾನಾ?"

ಎಲ್ಲರೂ ನಕ್ಕೆವು. ಆ ಕೋಣೆಯಲ್ಲಿ ನಾವು ಒಟ್ಟಿಗೆ ನಕ್ಕದ್ದು ಅದೇ ಕೊನೆ ಎಂದು ಕಾಣುತ್ತದೆ.

ಮೊದಲು ಗಂಡನ ನಿದ್ದೆ ಹೋಯಿತು. ಬೆಳಗ್ಗೆ ಬಂದು ಮಲಗುವನು, ಹೊರಳುವನು, ಎದ್ದು ಕೂರುವನು. ತಲೆಯೊಳಗೆ ಏನೋ ಜುಂ ಅನ್ನುತ್ತದೆ ಎನ್ನುತ್ತಿದ್ದ. ಒದ್ದೆ ಬಟ್ಟೆ ಹಣೆಗೆ ಕಟ್ಟಿಕೊಳ್ಳುತ್ತಿದ್ದ. ಟ್ಯಾಂಕಿನ ನೆರಳಿಗೆ ಹೋಗಿ ಬರಿ ನೆಲದ ಮೇಲೆ ಬೀಳುತ್ತಿದ್ದ. ಅಲ್ಲೂ ಅಷ್ಟೇ. ಕಣ್ಣಿನ ಸುತ್ತ ಕಪ್ಪಾಯಿತು. ಹೇಳಿದ್ದನ್ನೇ ಹೇಳತೊಡಗಿದ. ಊಟ ಮಾಡಿ ಎದ್ದವನು "ಊಟ ಆಯ್ತಾ ನಂದು?" ಎಂದು ಕೇಳುತ್ತಿದ್ದ. ನನಗೂ ನಿದ್ದೆ ತುಂಡು ತುಂಡಾಯಿತು. ಕಸದ ಬುಟ್ಟಿ ಹಿಡಿದು ಮೆಟ್ಟಿಲಲ್ಲಿ ನಿಂತರೆ ಹತ್ತುತ್ತಿದ್ದೆನೋ ಇಳಿಯುತ್ತಿದ್ದೆನೋ ಮರೆತುಹೋಗುತ್ತಿತ್ತು. ಮಗಳಿಗೆ ಮಾತ್ರ ಏನೂ ಆಗಲಿಲ್ಲ. ಮೊದಲಿನಂತೆಯೇ ಕಣ್ಣು ಮುಚ್ಚಿ ಮಲಗುತ್ತಿದ್ದಳು. ಇದನ್ನೂ ಹೇಳಬೇಕು. ಇದ್ದದ್ದು ಇದ್ದ ಹಾಗೆ.

ಒಂದು ಬೆಳಗ್ಗೆ ಗೇಟಿನ ಕುರ್ಚಿಯಲ್ಲಿ ಗಂಡ ಬಾಯಿ ತೆರೆದು ನಿದ್ದೆ ಹೋಗಿದ್ದ. ವ್ಯಾಯಾಮಕ್ಕೆ ಹೊರಟ ಯಾರೋ ಫೋಟೋ ತೆಗೆದರು. ಕಟ್ಟಡದವರೆಲ್ಲರ ಫೋನಿಗೆ ಹೋಯಿತು. ಫೋಟೋದ ಕೆಳಗೆ ಒಂದು ಮಾತು: ನಮ್ಮ ಕಾವಲು ನಾಯಿ. ನಾನು ಮೆಟ್ಟಿಲು ಒರೆಸುತ್ತ ಹೋದ ಹಾಗೆ ಬಾಗಿಲು ಬಾಗಿಲಲ್ಲೂ ನಗು ಕೇಳಿಸಿತು. ಒಬ್ಬ ಹುಡುಗಿ ನನಗೇ ತೋರಿಸಿದಳು. ಅವನ ಬಾಯಿಯ ಅಂಚಿನಲ್ಲಿ ಜೊಲ್ಲು ಇತ್ತು.

ಅಧ್ಯಕ್ಷರು ಅವನನ್ನು ಕರೆಸಿ ಗೇಟಿನ ಮುಂದೆ ನಿಲ್ಲಿಸಿಕೊಂಡರು. ನಾನೂ ಹೋದೆ.

"ನಿದ್ದೆ ಮಾಡೋಕೆ ನಿನ್ನ ಇಟ್ಕೊಂಡಿದ್ದೀವಾ?"

ಗಂಡ ನೆಲ ನೋಡಿದ. ನಾನು ಬಾಯಿ ತೆರೆದೆ.

"ಸಾರ್, ಹಗಲು ಮಲಗೋಕಾಗ್ತಿಲ್ಲ ಸಾರ್. ಆ ಟವರ್ ಬಂದಾಗಿಂದ. ಕೆಳಗಿನ ಸ್ಟೋರ್ ರೂಮ್ ಸುಮ್ಮನೆ ಇದೆಯಲ್ಲ, ಅದನ್ನ ಕೊಡಿ ಸಾರ್. ಮಲಗೋಕೆ ಮಾತ್ರ."

ನೆಲಮಹಡಿಯಲ್ಲಿ, ಮೆಟ್ಟಿಲಿನ ಹಿಂದೆ, ಒಂದು ಕೋಣೆ ಇತ್ತು. ಯಾರೋ ಬಿಟ್ಟ ವ್ಯಾಯಾಮದ ಯಂತ್ರ, ಮುರಿದ ಸೈಕಲ್ಲು, ಮಕ್ಕಳು ದೊಡ್ಡವರಾದ ಮೇಲೆ ಬೇಡವಾದ ತೊಟ್ಟಿಲು.

"ಅಲ್ಲಿ ಸಾಮಾನಿದೆ," ಅಂದರು ಅಧ್ಯಕ್ಷರು.

"ಸಾಮಾನು ತಾರಸಿ ಮೇಲೆ ಇಡಬಹುದಲ್ಲ ಸಾರ್?"

"ಮಳೆಗೆ ಹಾಳಾಗಲ್ವೇನಮ್ಮಾ?"

ಅವರು ಕುಚೋದ್ಯ ಮಾಡಲಿಲ್ಲ. ನಿಜವಾಗಿಯೇ ಹೇಳಿದರು. ಆ ಮುಖದಲ್ಲಿ ಸೈಕಲ್ಲಿನ ಚಿಂತೆ ಇತ್ತು.

ನಾನು ಬಿಡಲಿಲ್ಲ. ಬಾಗಿಲು ಬಾಗಿಲಿಗೆ ಹೋಗಿ ಹೇಳಿದೆ. ಕೊನೆಗೆ ನನ್ನ ಕಾಟ ತಡೆಯಲಾರದೆ ಸಂಘದವರು ಟವರಿನ ಕಂಪನಿಗೆ ಫೋನ್ ಮಾಡಿದರು. ಅಧ್ಯಕ್ಷರ ಜೊತೆ ಒಬ್ಬ ಬಂದ. ಕೈಯಲ್ಲಿ ಟಾರ್ಚಿನಂಥ ಒಂದು ಮೀಟರು. ಬಾಗಿಲ ಹತ್ತಿರ ನಿಂತು ಅದನ್ನು ಮೇಲೆ ಕೆಳಗೆ ಆಡಿಸಿದ. ಕಿಟಕಿಯ ಕಡೆ ಹೋಗಲಿಲ್ಲ. ಅಲ್ಲಿ ಅತ್ತೆ ಮಲಗಿದ್ದರು.

"ಮಿತಿಯೊಳಗೇ ಇದೆ ಅಕ್ಕಾ," ಅಂದ.

"ಹಾಗಾದ್ರೆ ಒಂದು ದಿನ ಇಲ್ಲಿ ಮಲಗಿ ನೋಡಪ್ಪಾ."

"ನಾನು ಅಳೆಯೋಕೆ ಬಂದವನು, ಮಲಗೋಕಲ್ಲ." ಮೀಟರನ್ನು ಚೀಲಕ್ಕೆ ಹಾಕಿಕೊಂಡ. ಹೊಸ್ತಿಲು ದಾಟಿದ ಮೇಲೆ ತಿರುಗಿ ನಿಂತ. ಅಧ್ಯಕ್ಷರು ಮುಂದೆ ಇಳಿದು ಹೋಗಿದ್ದರು. "ನಮಗೆ ಇದರ ಎದುರಿಗೆ ನಿಂತು ಕೆಲ್ಸ ಮಾಡಬೇಡಿ ಅಂತ ಹೇಳ್ತಾರೆ. ರಿಪೇರಿ ಇದ್ರೆ ಮೊದಲು ಆಫ್ ಮಾಡಿಸ್ತೀವಿ. ಅಜ್ಜೀನ ಆ ಕಿಟಕಿ ಹತ್ರ ಮಲಗಿಸಬೇಡಿ."

"ಇದನ್ನ ಅವರಿಗೆ ಹೇಳು."

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಅಕ್ಕಾ," ಎಂದು ಇಳಿದು ಹೋದ. ಅವನೂ ಮೆಟ್ಟಿಲಲ್ಲೇ ಹೋದ.

ಕಿಟಕಿಯ ಹತ್ತಿರ ಬಿಟ್ಟು ಬೇರೆಲ್ಲಿ ಮಲಗಿಸಲಿ? ಆ ಕೋಣೆಯಲ್ಲಿ ಎಲ್ಲವೂ ಕಿಟಕಿಯ ಹತ್ತಿರವೇ. ನಾನು ಅಲ್ಲಿ ಮಲಗಿ ಅವರನ್ನು ಬಾಗಿಲ ಕಡೆ ಹಾಕಿದೆ. ಅಲ್ಲಿ ಆ ಪೆಟ್ಟಿಗೆಯ ಫ್ಯಾನು.

ಅತ್ತೆ ಅಷ್ಟರಲ್ಲಿ ಬದಲಾಗಿದ್ದರು. ಗೊರಕೆ ನಿಂತುಹೋಗಿತ್ತು. ಕಣ್ಣು ತೆರೆದುಕೊಂಡೇ ಇರುತ್ತಿದ್ದರು. ಹಗಲಿನಲ್ಲಿ ಒಬ್ಬರೇ ಮಾತಾಡುತ್ತಿದ್ದರು. ಮೊದಮೊದಲು ಸತ್ತ ಮಾವನ ಜೊತೆ ಜಗಳ. ನಂತರ ಮಾತಿಗೆ ತಲೆಬುಡ ಇಲ್ಲ. ನನ್ನನ್ನು ನೋಡಿ "ನೀವು ಯಾರ ಮನೆಯವರು?" ಎಂದು ಬಹುವಚನದಲ್ಲಿ ಕೇಳಿದರು. ಇಷ್ಟು ವರ್ಷದಲ್ಲಿ ಅವರು ನನಗೆ ಮರ್ಯಾದೆ ಕೊಟ್ಟು ಮಾತಾಡಿದ್ದು ಅದೇ ಮೊದಲು.

ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರು. ಕೂರಿಸಿ ಕೇಳಿದರು.

"ವಯಸ್ಸಾದವರಿಗೆ ನಿದ್ದೆ ಪೂರ್ತಿ ತಪ್ಪಿದ್ರೆ ತಲೆ ಹೀಗೆ ಕೆಡುತ್ತಮ್ಮಾ. ಮೊದಲು ಮಲಗಿಸಿ."

"ಟವರಿಂದಾನಾ ಡಾಕ್ಟ್ರೇ?"

"ಅದನ್ನ ನಾನು ಹೇಳೋಕಾಗಲ್ಲ. ಅದರ ಶಬ್ದ ಇರಬಹುದು, ಸೆಕೆ ಇರಬಹುದು, ನೀವು ಹೇಳೋದೂ ಇರಬಹುದು. ಒಟ್ಟಿನಲ್ಲಿ ಆ ಕೋಣೇಲಿ ಇರಬೇಡಿ."

ಆ ಕೋಣೆಯಲ್ಲಿ ಇರಬೇಡಿ. ಇದು ಅನ್ನ ತಿನ್ನಬೇಡಿ ಅಂದ ಹಾಗೆ.

ಆ ವಾರವೇ ಅದು ನಡೆಯಿತು. ನಾನು ಮೂರನೇ ಮಹಡಿ ಒರೆಸುತ್ತಿದ್ದೆ. ಗಂಡ ಟ್ಯಾಂಕಿನ ಪಕ್ಕ ಬಿದ್ದಿದ್ದ. ಅತ್ತೆ ಎದ್ದು ಹೊರಗೆ ಬಂದು ಲಿಫ್ಟಿಗೆ ಹೊಕ್ಕಿದ್ದಾರೆ. ಕನ್ನಡಿಯಲ್ಲಿ ಯಾರೋ ಮುದುಕಿ ಕಂಡಿದ್ದಾಳೆ. ಅವಳ ಜೊತೆ ಮಾತಿಗೆ ಕೂತಿದ್ದಾರೆ. ಲಿಫ್ಟು ಮೇಲೆ ಹೋಗಿದೆ, ಕೆಳಗೆ ಬಂದಿದೆ. ಬಾಗಿಲು ತೆರೆದವರೆಲ್ಲ ನೋಡಿ ಹಿಂದೆ ಸರಿದಿದ್ದಾರೆ. ಕೈ ಹಿಡಿದು ಯಾರೂ ಇಳಿಸಲಿಲ್ಲ. ನನ್ನನ್ನು ಕೂಗಿದಾಗ ಓಡಿ ಬಂದೆ. ಅತ್ತೆ ನೆಲದ ಮೇಲೆ ಕೂತಿದ್ದರು. ಸೀರೆ ಒದ್ದೆ. ಲಿಫ್ಟಿನ ನೆಲವೂ ಒದ್ದೆ.

ಮುಂದೆ ಅಧ್ಯಕ್ಷರು, ಹಿಂದೆ ನಾಲ್ಕಾರು ಜನ. ಮೂಗಿಗೆ ಕರವಸ್ತ್ರ.

"ಮೊದಲು ಇದನ್ನ ತೊಳಿ," ಅಂದರು.

"ಅತ್ತೇನ ಮೇಲೆ ಬಿಟ್ಟು ಬರ್ತೀನಿ ಸಾರ್."

"ಮೊದಲು ಇದನ್ನ. ಜನ ಓಡಾಡಬೇಕು."

ಅತ್ತೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಎಲ್ಲರ ಎದುರಿಗೆ. ಒದ್ದೆ ಸೀರೆ ಕಾಲಿಗೆ ಅಂಟಿತ್ತು. ಬಕೆಟ್ಟು ತಂದೆ. ಮಂಡಿ ಊರಿ ತೊಳೆದೆ. "ಮೂಲೆ, ಮೂಲೆ," ಎಂದರು ಹಿಂದಿನಿಂದ. ಮೂಲೆ ತೊಳೆದೆ. ಫಿನಾಯಿಲ್ ಹಾಕಿ ಇನ್ನೊಮ್ಮೆ ಅಂದರು. ಇನ್ನೊಮ್ಮೆ ತೊಳೆದೆ. ಹತ್ತಾರು ಮನೆಗಳ ಕಕ್ಕಸಿನ ಕಸ ಎತ್ತಿದ ಕೈ ಇದು. ತೊಳೆಯುವುದು ಅದಕ್ಕೆ ಹೊಸದಲ್ಲ. ಕನ್ನಡಿಯಲ್ಲಿ ನನ್ನ ಹಿಂದೆ ಅತ್ತೆ ಕಾಣುತ್ತಿದ್ದರು. ಅವರಿಗೆ ಎಲ್ಲ ತಿಳಿಯುತ್ತಿತ್ತು. ಆ ಗಳಿಗೆಯಲ್ಲಿ ತಲೆ ಸರಿ ಇತ್ತು. ಅದೇ ಕೆಟ್ಟದ್ದು. ಮುಖ ಗೋಡೆಗೆ ತಿರುಗಿಸಿಕೊಂಡರು.

ಆಮೇಲೆ ಅವರನ್ನು ಮೆಟ್ಟಿಲಲ್ಲಿ ಹತ್ತಿಸಿದೆ. ಆರು ಮಹಡಿ. ತೊಳೆದ ಲಿಫ್ಟು ಖಾಲಿಯಾಗಿ ನಮ್ಮ ಪಕ್ಕದಲ್ಲೇ ಹೋಯಿತು.

ಭಾನುವಾರ ಮೀಟಿಂಗ್ ಇತ್ತು. ವಿಷಯ ನಾವೇ. ಮುದುಕಿಯನ್ನು ಎಲ್ಲಾದರೂ ಬಿಟ್ಟು ಬರಬೇಕು, ಇಲ್ಲವಾದರೆ ಎಲ್ಲರೂ ಹೊರಡಬೇಕು. ನನಗೆ ಕುರ್ಚಿ ಹಾಕಲು ಹೇಳಿದ್ದರು. ನಾನು ಕುರ್ಚಿ ಹಾಕಲಿಲ್ಲ. ತಾರಸಿಗೆ ಹೋಗಿ ಹಾಸಿಗೆ ಸುತ್ತಿದೆ.

"ಏನು ಮಾಡ್ತಿದ್ದೀಯೇ?" ಅಂದ ಗಂಡ.

"ಹಿಡ್ಕೋ ಆ ಕಡೆ."

"ಕೆಲ್ಸ ಹೋಗುತ್ತೆ ಕಣೇ."

"ಹೇಗೂ ಹೋಗುತ್ತೆ. ಹಿಡ್ಕೋ."

ಲಿಫ್ಟಿನ ಗುಂಡಿ ಒತ್ತಿದೆ. ಗಂಡ ಬೋರ್ಡು ನೋಡಿದ. ಅವನ ರಟ್ಟೆ ಹಿಡಿದು ಒಳಗೆ ಎಳೆದೆ. ಹಾಸಿಗೆ, ಅತ್ತೆ, ಮಗಳು, ನಾವು. ಕೆಳಗೆ ಬಂದು ಹಾಲಿನ ನಡುವೆ, ಅವರು ಕುರ್ಚಿ ಹಾಕಿಕೊಳ್ಳುವ ಜಾಗದಲ್ಲಿ, ಹಾಸಿಗೆ ಬಿಚ್ಚಿದೆ. ತಣ್ಣನೆಯ ಕಲ್ಲಿನ ನೆಲ. ಅತ್ತೆಯನ್ನು ಮಲಗಿಸಿದೆ. ಗಂಡ ಅಂಚಿನಲ್ಲಿ ಕೂತ. ಹೆದರಿ ಬಾಗಿಲ ಕಡೆಯೇ ನೋಡುತ್ತಿದ್ದ. ಆಮೇಲೆ ಕೂತಲ್ಲೇ ವಾಲಿದ. ಜನ ಬರತೊಡಗುವ ಹೊತ್ತಿಗೆ ಇಬ್ಬರೂ ನಿದ್ದೆ ಹೋಗಿದ್ದರು. ಅತ್ತೆಯ ಗೊರಕೆ ಆ ದೊಡ್ಡ ಹಾಲಿನಲ್ಲಿ ಎದ್ದಿತು. ನಾನು ಅವರ ತಲೆಯ ಬಳಿ ಕಸಬರಿಗೆ ಹಿಡಿದು ನಿಂತೆ.

ಮಲಗಿದವರನ್ನು ಕಂಡರೆ ಜನ ತಾವಾಗಿಯೇ ದನಿ ತಗ್ಗಿಸುತ್ತಾರೆ. ಅವರೂ ತಗ್ಗಿಸಿದರು. ಪಿಸುಮಾತಿನಲ್ಲೇ ನಮ್ಮನ್ನು ಬೈದರು.

"ಏನಿದು ಅಸಹ್ಯ?" ಅಂದರು ಅಧ್ಯಕ್ಷರು. "ಎಬ್ಬಿಸು ಅವರನ್ನ."

"ಎಬ್ಬಿಸಲ್ಲ."

"ಏನಂದೆ?"

"ಎಬ್ಬಿಸಲ್ಲ ಅಂದೆ. ನೀವೂ ಎಬ್ಬಿಸಬೇಡಿ. ಮುಟ್ಟಿದ್ರೆ ಇದೇ ಕಸಬರಿಗೆ ತಗೋತೀನಿ."

ಸಾರ್ ಎನ್ನುವ ಮಾತು ಬಾಯಿಗೆ ಬರಲಿಲ್ಲ. ನಾನು ನುಂಗಲಿಲ್ಲ, ಅದೇ ಬರಲಿಲ್ಲ.

"ಆ ಟವರಿಂದ ಏನೂ ಆಗಲ್ಲ ಅಂತ ಮೀಟರ್ ಹಿಡಿದು ತೋರಿಸಿದ್ದಾರೆ," ಅಂದರು ಅವರು. "ನಿನ್ನ ಮಗಳು ಚೆನ್ನಾಗಿ ನಿದ್ದೆ ಮಾಡ್ತಾಳಂತಲ್ಲ? ಎಲ್ಲಾ ಬರೀ ನಾಟಕ."

"ಏನೂ ಆಗಲ್ಲ ಅಂದ್ರೆ ತಗೊಂಡು ಹೋಗಿ ನಿಮ್ಮ ತಲೆ ಮೇಲೇ ಹಾಕ್ಕೊಳ್ಳಿ. ಮೊದಲು ಅಲ್ಲೇ ಇತ್ತಲ್ಲ? ಏನೋ ಆಗುತ್ತೆ ಅಂದ್ರೆ ನಮ್ಮ ತಲೆ ಮೇಲೆ ಯಾಕೆ ತಂದು ಇಟ್ರಿ? ಎರಡರಲ್ಲಿ ಒಂದು ಹೇಳಿ. ಈಗಲೇ ಹೇಳಿ."

ಅವರು ಪ್ರೊಫೆಸರಮ್ಮನ ಕಡೆ ನೋಡಿದರು. ಆಕೆ ಕನ್ನಡಕ ತೆಗೆದು ಒರೆಸಿಕೊಂಡರು.

"ವಿಜ್ಞಾನದಲ್ಲಿ ಅಷ್ಟು ಖಚಿತವಾಗಿ ಹೇಳೋಕೆ..."

"ನಿಮಗೂ ಖಚಿತ ಇರಲಿಲ್ಲ ಮೇಡಂ. ಆದ್ರೂ ನಿಮ್ಮ ತಲೆ ಒಡ್ಡಲಿಲ್ಲ. ನಮ್ಮದು ತಲೆ ಅಲ್ವಾ? ಅದರೊಳಗೆ ಏನು, ಕಸಾನಾ?"

ಅತ್ತೆ ಮಗ್ಗುಲು ಬದಲಿಸಿದರು. ಎಲ್ಲರೂ ಅವರನ್ನೇ ನೋಡಿದರು. ಒಬ್ಬರು ಪೊಲೀಸರಿಗೆ ಫೋನ್ ಮಾಡಿ ಅಂದರು. ಇನ್ನೊಬ್ಬರು ಬೇಡ, ಪತ್ರಿಕೆಯವರು ಬಂದಾರು ಅಂದರು. ಮೀಟಿಂಗ್ ನಡೆಯಲಿಲ್ಲ. ಒಬ್ಬೊಬ್ಬರಾಗಿ ಗೋಡೆಯ ಅಂಚಿನಲ್ಲಿ ಹೆಜ್ಜೆ ಇಟ್ಟು ಲಿಫ್ಟಿನ ಕಡೆ ಹೋದರು. ಸಂಜೆಯವರೆಗೆ ನಾನು ನಿಂತೇ ಇದ್ದೆ. ಕಾಲು ಕಂಬವಾಗಿತ್ತು. ಗಂಡ ಎದ್ದು ಸುತ್ತ ನೋಡಿ, "ಎಷ್ಟು ಹೊತ್ತು ಮಲಗಿದ್ದೆ?" ಅಂದ. ಅವನ ಕಣ್ಣು ತಿಳಿಯಾಗಿತ್ತು. ಅತ್ತೆ ನನ್ನನ್ನು ನೋಡಿ, "ಏನೇ, ಮುಖ ಹೀಗೆ ಮಾಡ್ಕೊಂಡಿದ್ದೀಯ, ಉಂಡಿಲ್ವಾ?" ಅಂದರು. ಏಕವಚನ. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಕಥೆ ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಮರುದಿನ ನಮ್ಮನ್ನು ಹೊರಗೆ ಹಾಕಿದರು.

ಊರ ಹೊರಗೆ ಲಾರಿ ನಿಲ್ಲಿಸುವ ಬಯಲೊಂದಿದೆ. ಅಲ್ಲಿ ಗಂಡನಿಗೆ ಕಾವಲು ಕೆಲಸ ಸಿಕ್ಕಿತು. ನನಗೆ ಲಾರಿ ತೊಳೆಯುವುದು. ಇರಲು ಟಯರುಗಳ ಮಧ್ಯೆ ಒಂದು ಶೆಡ್ಡು. ಲಾರಿಗಳ ಸದ್ದು, ಡೀಸೆಲ್ ವಾಸನೆ. ಆದರೂ ಗಂಡನಿಗೆ ನಿಧಾನವಾಗಿ ನಿದ್ದೆ ಮರಳಿತು. ಅತ್ತೆ ಮರಳಲಿಲ್ಲ. ಶೆಡ್ಡಿನ ಗಾಳಿಗೆ ಎದೆಯಲ್ಲಿ ಕಫ ಕಟ್ಟಿತು. ಮತ್ತೆ ಯಾರನ್ನೂ ಗುರುತು ಹಿಡಿಯಲಿಲ್ಲ. ಒಂದು ಮಧ್ಯಾಹ್ನ ನಾನು ಲಾರಿಯ ಕೆಳಗೆ ಕೆಸರು ಕೆರೆಯುತ್ತಿದ್ದಾಗ ಮಗಳು ಬಂದು, "ಅಜ್ಜಿ ಅಲುಗಾಡ್ತಿಲ್ಲ," ಅಂದಳು.

ಟವರೇ ಕೊಂದಿತು ಎಂದು ನಾನು ಹೇಳುವುದಿಲ್ಲ. ಡಾಕ್ಟರಿಗೇ ಹೇಳಲಾಗದ್ದು ನನಗೆ ಹೇಗೆ ಗೊತ್ತಾಗಬೇಕು? ಆ ಟವರು ತಾನಾಗಿ ನಡೆದುಕೊಂಡು ನಮ್ಮ ಗೋಡೆಗೆ ಬರಲಿಲ್ಲ. ನನಗೆ ಗೊತ್ತಿರುವುದು ಇಷ್ಟೇ.

ಸ್ವಲ್ಪ ದಿನದ ಮೇಲೆ ಆ ಕಟ್ಟಡಕ್ಕೆ ಹೋದೆ. ಬಿಟ್ಟುಬಂದ ಒಲೆ ತರಬೇಕಿತ್ತು. ಗೇಟಿನ ಒಳಗೆ ಕಸದ ರಾಶಿ. ಮೂಟೆಗಳು ಒಡೆದು ಸೋರುತ್ತಿದ್ದವು. ನೊಣ ಮುತ್ತಿದ್ದವು. ನಮ್ಮ ನಂತರ ಯಾರೂ ಕೆಲಸಕ್ಕೆ ನಿಂತಿರಲಿಲ್ಲ. ಅದೇ ಹೊತ್ತಿಗೆ ಒಂದು ಸಣ್ಣ ಲಾರಿ ಬಂದು ನಿಂತಿತು. ಅದರಲ್ಲಿ ಹೊಸ ಕಾವಲುಗಾರ, ಅವನ ಹೆಂಡತಿ, ಅವಳ ಕಂಕುಳಲ್ಲಿ ಕೂಸು. ಪಾತ್ರೆ, ಮಂಚ, ಒಂದು ಟ್ರಂಕು. ಅಧ್ಯಕ್ಷರು ಗೇಟಿಗೇ ಬಂದು ನಿಂತಿದ್ದರು.

ನಾನು ನೇರವಾಗಿ ಅವಳ ಹತ್ತಿರ ಹೋದೆ.

"ತಂಗೀ, ಮೇಲೆ ನೋಡು. ಆ ಬಿಳೀ ಹಲಗೆಗಳ ಪಕ್ಕ ತಗಡು ಕಾಣುತ್ತಲ್ಲ, ಅದೇ ನಿನ್ನ ಮನೆ. ಮೊದಲು ಆ ಹಲಗೆಗಳು ಈ ತುದೀಲಿದ್ವು. ಇವರಿಗೆ ನಿದ್ದೆ ಬರಲ್ಲ ಅಂತ ಆ ತುದಿಗೆ ಹಾಕಿದ್ರು. ನಮ್ಮತ್ತೆ ಅಲ್ಲಿ ಮಲಗಿ ತಲೆ ಕೆಟ್ಟು ಹೋದರು. ಸತ್ತೂ ಹೋದರು. ನನಗೆ ಇನ್ನೇನೂ ಗೊತ್ತಿಲ್ಲ. ಇಷ್ಟು ಹೇಳಬೇಕಿತ್ತು, ಹೇಳಿದೆ."

"ಇವಳ ಮಾತು ಕೇಳಬೇಡಮ್ಮಾ," ಅಂದರು ಅಧ್ಯಕ್ಷರು. "ಕೆಲ್ಸದಿಂದ ತೆಗೆದಿದ್ದೀವಿ, ಅದಕ್ಕೆ ಹೊಟ್ಟೆಕಿಚ್ಚು."

ಅವಳು ಮೇಲೆ ನೋಡಿದಳು. ಕೂಸಿನ ತಲೆಯ ಮೇಲೆ ಕೈ ಇಟ್ಟಳು. ಮಂಚ ಇಳಿಸುತ್ತಿದ್ದ ಗಂಡನಿಗೆ, "ಇಳಿಸಬೇಡ ಇರು," ಅಂದಳು. ಆಮೇಲೆ ಅಧ್ಯಕ್ಷರಿಗೆ, "ಕೆಳಗೆ ಎಲ್ಲೂ ಜಾಗ ಇಲ್ವಾ ಸಾರ್?"

"ಮೆಟ್ಟಿಲ ಹಿಂದೆ ಒಂದು ಸ್ಟೋರ್ ರೂಮ್ ಇದೆ," ಅಂದೆ ನಾನು.

"ಅದು ಕೊಟ್ರೆ ಇರ್ತೀನಿ. ಇಲ್ಲಾಂದ್ರೆ ಬೇಡ. ವಾಪಸ್ ಹೋಗ್ತೀವಿ."

ಡ್ರೈವರು ಹಾರ್ನ್ ಹೊಡೆದ. ಗಾಳಿ ತಿರುಗಿತು. ಕಸದ ನಾತ ಅಧ್ಯಕ್ಷರ ಮುಖಕ್ಕೆ ಹೊಡೆಯಿತು. ಅವರು ಮೂಟೆಗಳನ್ನು ನೋಡಿದರು, ಲಾರಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. "ಸರಿ, ಬನ್ನಿ," ಅಂದರು.

ಸೈಕಲ್ಲು, ಯಂತ್ರ, ತೊಟ್ಟಿಲು ಹೊರಗೆ ಬಂದವು. ಹೊತ್ತೇನೂ ಹಿಡಿಯಲಿಲ್ಲ. ಒಳಗೆ ನೆಲ ತಣ್ಣಗಿತ್ತು. ಅವಳ ಮಂಚದ ಒಂದು ತುದಿಯನ್ನು ನಾನೇ ಹಿಡಿದು ಗೋಡೆಗೆ ಸೇರಿಸಿದೆ. ಅವಳು ಕೂಸನ್ನು ಅದರ ಮೇಲೆ ಮಲಗಿಸಿ, "ದೊಡ್ಡ ಉಪಕಾರ ಆಯ್ತಕ್ಕಾ," ಅಂದಳು. ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಒಲೆಯನ್ನು ಎತ್ತಿಕೊಂಡು ಹೊರಟೆ. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು.

ಆ ಸ್ಟೋರ್ ರೂಮಿನ ಬಾಗಿಲು ತೆರೆಯಲು ಅಧ್ಯಕ್ಷರು ಯಾರನ್ನೂ ಕೇಳಲಿಲ್ಲ, ಎಲ್ಲೂ ಹುಡುಕಲಿಲ್ಲ. ಕೀಲಿ ಅವರ ಜೇಬಿನಲ್ಲೇ ಇತ್ತು.